ಪಂಪಿಗೆ ಇನ್ನೊಬ್ಬರು

ಜಪಾನಿನ ನಗೋಯಾದಿಂದ ಎರಡು ಗಂಟೆ ದೂರದ ಗುಡ್ಡದೂರಿನಲ್ಲಿ ನೆಲೆಸಿದ ಮೇಲೆ ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರಿದೆ. ಐದೇ ಜನರ ದಳ. ಅರವತ್ತೆಂಟರ ನಾನೇ ಅದರಲ್ಲಿ ಕಿರಿಯ.

ಒಂದು ಚಳಿಗಾಲದ ಮಧ್ಯಾಹ್ನ ಪಕ್ಕದೂರಿನ ಕಾಡಿಗೆ ಬೆಂಕಿ ಬಿದ್ದು ನೆರವಿಗೆ ಕರೆ ಬಂತು. ನಾಲ್ವರಿಲ್ಲದೆ ಗಾಡಿ ಹೊರಡುವಂತಿಲ್ಲ. ಉಳಿದ ನಾಲ್ವರೂ ಹತ್ತಿದರು. "ಊರು ನೋಡಿಕೊಳ್ಳಿ," ಎಂದು ನಾಯಕ ಓನೋ ಸಾನ್ ನನಗೆ ಹೇಳಿ ಹೋದರು.

ಠಾಣೆಯಲ್ಲಿ ಉಳಿದದ್ದು ಒಂದು ಸಣ್ಣ ಪಂಪು. ಒಬ್ಬರು ಎಂಜಿನ್ ನೋಡಬೇಕು, ಇನ್ನೊಬ್ಬರು ಪೈಪು ಹಿಡಿಯಬೇಕು. ನಾನೊಬ್ಬನೇ. ಒಣಗಾಳಿ ಜೋರಾಗಿ ಬೀಸುತ್ತಿತ್ತು. ಯಾವ ಮನೆಯ ಹೊಗೆ ಕಂಡರೂ ಎದ್ದು ಹೋಗಿ ನೋಡುತ್ತಿದ್ದೆ.

ಆಗ ಎದುರುಮನೆಯ ಅಜ್ಜಿ ಕಾತೋ ಸಾನ್ ಬಂದು ಬಗ್ಗಿ ನಮಸ್ಕರಿಸಿದರು.

"ಸುಮಿಮಾಸೆನ್, ಕ್ಷಮಿಸಿ. ಸ್ನಾನದ ಒಲೆ ಹಚ್ಚಲೇ?"

"ಬೇಡ. ಕಿಡಿ ಹಾರಿದರೆ ನನ್ನೊಬ್ಬನಿಂದ ಪಂಪು ನಡೆಯುವುದಿಲ್ಲ."

"ಎಷ್ಟು ಜನ ಬೇಕು?"

"ಇಬ್ಬರು."

ಅವರು ತಿರುಗಿ ಮನೆಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಹತ್ತು ನಿಮಿಷಕ್ಕೆ ತೀರಿಹೋದ ಗಂಡನ ಹೆಲ್ಮೆಟ್ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು.

"ಪೈಪು ನಾನು ಹಿಡಿಯುತ್ತೇನೆ. ಎಂಜಿನ್ ನಿಮ್ಮದು."

ಎಂಬತ್ತು ದಾಟಿದ ಕೈ. ನನ್ನ ಭಯ ಇಮ್ಮಡಿಯಾಯಿತು. ಆದರೂ ಬೇಡವೆನ್ನಲಿಲ್ಲ, ಬೇರೆ ಯಾರಿದ್ದರು?

ಚಳಿ ತಡೆಯಲಾರದೆ ನಾನು ಠಾಣೆಯ ಸೀಮೆಎಣ್ಣೆ ಒಲೆ ಹಚ್ಚಲು ಕೈ ಚಾಚಿದೆ.

"ನನಗೊಂದು ನ್ಯಾಯ, ನಿಮಗೊಂದು ನ್ಯಾಯವೇ?" ಎಂದರು.

ಕೈ ಹಿಂತೆಗೆದೆ. ಸಂಜೆಗೆ ಗಾಡಿ ಮರಳುವವರೆಗೂ ಇಬ್ಬರೂ ನಡುಗುತ್ತಲೇ ಊರು ಕಾದೆವು. ಊರಿಗೆ ಏನೂ ಆಗಲಿಲ್ಲ. ನೆಗಡಿ ಹಿಡಿದದ್ದು ನನಗೊಬ್ಬನಿಗೇ.