ಎನಕ್ ಟ್ರಾಂಟರನ ಚಿಟ್ಟೆ

ಕೋವೆಂಟ್ರಿಯ ಜಾಗ್ವಾರ್ ಕಾರ್ಖಾನೆಯಲ್ಲಿ ಎನಕ್ ಟ್ರಾಂಟರನ ಕೆಲಸ ಅಕ್ರೋಟು ಮರದ ತೆಳುಪದರಗಳನ್ನು ಜೋಡಿಸುವುದು. ಒಂದೇ ದಿಮ್ಮಿಯಿಂದ ಸೀಳಿದ ಎರಡು ಪದರಗಳನ್ನು ಪುಸ್ತಕ ಬಿಚ್ಚಿದಂತೆ ಅಕ್ಕಪಕ್ಕ ಅಂಟಿಸಬೇಕು. ಎಡಕ್ಕಿದ್ದ ಗೆರೆ ಬಲಕ್ಕೂ ಇರಬೇಕು. ಮಾರ್ಕ್ ಟೂ ಕಾರೊಂದರಲ್ಲಿ ಚಾಲಕನ ಮುಂದಿನ ಹಲಗೆಗೆ ಹಾಗೆ ಅಂಟಿಸಿದಾಗ ನಡುವೆ ಚಿಟ್ಟೆಯೊಂದು ಮೂಡಿತು, ಎರಡು ರೆಕ್ಕೆಗೂ ಒಂದೊಂದು ಗಂಟು. ಅಂಥದ್ದು ಅವನ ಕೈಯಲ್ಲಿ ಮತ್ತೆ ಹುಟ್ಟಲಿಲ್ಲ.

ಆ ಕಾರನ್ನು ರೇಸಿನ ತಂಡವೊಂದು ಕೊಂಡಿತು. ಅರವತ್ತೊಂದರ ಬೇಸಿಗೆಯಲ್ಲಿ ಅದು ಸಿಲ್ವರ್‌ಸ್ಟೋನಿನ ರೇಸಿನಲ್ಲಿ ಗೆದ್ದಿತು. ಎನಕ್ ಅಂದು ಓವರ್‌ಟೈಮಿನಲ್ಲಿದ್ದ. ಸುದ್ದಿ ತಂದವನು ತಂಗಿಯ ಗಂಡ ಸಿರಿಲ್, ಆ ತಂಡದ ಮೆಕ್ಯಾನಿಕ್. ಎರಡು ವರ್ಷಕ್ಕೆ ಅಮೆರಿಕದ ದೈತ್ಯ ಫೋರ್ಡುಗಳು ಬಂದು ಮಾರ್ಕ್ ಟೂಗಳ ದರ್ಬಾರು ಮುಗಿಯಿತು. ಎನಕ್‌ನ ಕತೆ ಮಾತ್ರ ಮುಗಿಯಲಿಲ್ಲ.

"ಚರ್ಮದ ಸೀಟು, ಅಕ್ರೋಟು ಮರ, ಎಲ್ಲಾ ಹೊತ್ಕೊಂಡೇ ಗೆಲ್ತು ಕಣ್ರೋ! ಗೆದ್ದೋನ ಕಣ್ಮುಂದೆ ಇದ್ದಿದ್ದು ನನ್ನ ಚಿಟ್ಟೆ!" ಎಂದು ಶುಕ್ರವಾರಕ್ಕೊಮ್ಮೆ ಪಬ್ಬಿನಲ್ಲಿ ಎದೆ ತಟ್ಟುತ್ತಿದ್ದ.

"ಇನ್ನೊಂದ್ಸಲ ಹೇಳು ಭಾವ," ಎಂದು ಸಿರಿಲ್ ಅವನಿಗೊಂದು ಬಿಯರ್ ಹೇಳುತ್ತಿದ್ದ.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಸಿರಿಲ್ ತೀರಿಕೊಂಡ ಮೇಲೆ ತಂಗಿ ಮೇವಿಸ್ ಹಿತ್ತಲಿನ ಪಾರಿವಾಳದ ಗೂಡು ಕೀಳಲು ಅಣ್ಣನನ್ನು ಕರೆದಳು. ಗೂಡಿನ ಬಾಗಿಲ ಮೇಲೆ ಬೆರಳು ದಪ್ಪ ಹಿಕ್ಕೆ. ಉಳಿಯಿಂದ ಹೆರೆದರೆ ಒಂದು ಗಂಟು ಕಂಡಿತು. ಪಕ್ಕದ ರೆಕ್ಕೆಯಲ್ಲಿ ಇನ್ನೊಂದು.

"ಮೇವಿಸ್, ಇದೆಲ್ಲಿಂದ ಬಂತೇ?"

"ಭಾರ ಅಂತ ರೇಸಿಗೆ ಮೊದ್ಲೇ ಕಾರಿಂದ ಕಿತ್ತಾಕಿದ್ರು ಅಣ್ಣ. ಆ ಜಾಗಕ್ಕೆ ತಗಡು ಬಡ್ದು ಓಡ್ಸಿದ್ರಂತೆ. ಪಾರಿವಾಳಕ್ಕಾಗತ್ತೆ ಅಂತ ಇವ್ರು ತಂದ್ರು."

"ಪಬ್ಬಲ್ಲಿ ಯಾರ್ಯಾರಿಗೆ ಗೊತ್ತು?"

ಮೇವಿಸ್ ನೆಲ ನೋಡಿದಳು. "ಎಲ್ರಿಗೂ. ನಿಂಗೆ ಬೇಜಾರಾಗತ್ತೆ ಅಂತ ಯಾರೂ..."

"ಬೇಜಾರಂತೆ! ಹೊಟ್ಟೆ ತುಂಬಾ ನಕ್ರು ಅನ್ನು."

ಅಟ್ಟ ಹತ್ತಿಸಿ ಏಣಿ ತೆಗೆಯುವವರನ್ನು ಎಲ್ಲರೂ ಕಂಡಿದ್ದೇವೆ. ಸಿರಿಲ್ ಏಣಿಯನ್ನೂ ತೆಗೆಯಲಿಲ್ಲ, ಕೆಳಗೆ ನಿಂತು ಮಜಾ ನೋಡಿದ. ಸತ್ತವನನ್ನು ಬೈಯಬಾರದು ಎನ್ನುತ್ತಾರೆ. ಎನಕ್ ಮನಸಾರೆ ಬೈದ.

ಶುಕ್ರವಾರ ಮತ್ತೆ ಪಬ್ಬಿಗೆ ಹೋದ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಹೋಗಲು ಬೇರೆ ಜಾಗವಾದರೂ ಎಲ್ಲಿತ್ತು?

"ಎನಕ್, ಹೇಳಪ್ಪ ಆ ಚಿಟ್ಟೆ ಕತೆ," ಎಂದು ಯಾರೋ ಕೂಗಿ, ಪಕ್ಕದವನಿಗೆ ಮೊಣಕೈಯಿಂದ ತಿವಿದ. ಆ ತಿವಿತ ಈ ಸಲ ಎನಕ್‌ಗೆ ಕಂಡಿತು. ಅಲ್ಲಿದ್ದ ಒಬ್ಬೊಬ್ಬನ ಮೇಲೂ ಅವನಿಗೆ ಅಸಹ್ಯ ಹುಟ್ಟಿತು. ಯಾರೋ ಬಿಯರ್ ತಂದಿಟ್ಟರು.

ಒಂದು ಗುಟುಕು ಕುಡಿದು, "ಚರ್ಮದ ಸೀಟು, ಅಕ್ರೋಟು ಮರ..." ಎಂದು ಶುರುಮಾಡಿದ.