ಫೋನಿನೊಳಗಿನ ತಾಯಿ

ಗೌರವ್ವನ ಕೈಗೆ ಮೈಕು ಕೊಟ್ಟವರು ಯಾರು ಎಂದು ಖಾನಾಪುರದಲ್ಲಿ ಯಾರಿಗೂ ನೆನಪಿಲ್ಲ. ಅದನ್ನು ವಾಪಸ್ ಇಸಿದುಕೊಳ್ಳುವ ಧೈರ್ಯವೂ ಯಾರಿಗೂ ಬಂದಿಲ್ಲ. ಅಲ್ಲಿನ ಒಂದು ಮಂಗಲ ಕಾರ್ಯಾಲಯದಲ್ಲಿ ತಾಟು, ವಾಟಿ, ಪಾತೇಲಿ ಅಂತ ಪಾತ್ರೆಪಡಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳು ಆಕೆ. ಈಗ ಮದುವೆಗೆ ಬಂದವರು ಮದುಮಕ್ಕಳ ಹೆಸರು ಮರೆತರೂ ಗೌರವ್ವನ ದನಿ ಮರೆಯುವುದಿಲ್ಲ. “ಎರಡನೇ ಪಂಗತಿಯವರು ಬರ್ರಿ, ಕುಂದರ್ರಿ. ಉಂಡಾವ್ರು ಹೊರಗ ಹೋಗಿ ಮಾತಾಡ್ರಿ.” ಅದೇ ಮಾತು ಮರಾಠಿಯಲ್ಲಿ ಕೊಂಚ ಮೆತ್ತಗೆ ಬರುತ್ತದೆ. ಯಾಕೆ ಎಂದು ಕೇಳಿದರೆ, “ಬೀಗರ ಭಾಷಾ ಅಲ್ಲೇನ?” ಅನ್ನುತ್ತಾಳೆ.

ಆಕೆಗಿರುವುದು ಒಂದೇ ಚಟ. ಏನನ್ನು ಕೇಳಿದರೂ, ನೋಡಿದರೂ, ಮುಂದೇನಾಯಿತು ಎಂದು ತಿಳಿಯಲೇಬೇಕು. ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಜಗಳವಾಡುತ್ತ ಇಳಿದರೆಂದು, ತಾನೂ ಅವರ ಹಿಂದೆ ನಡುದಾರಿಯ ಮಚ್ಛೆ ಎಂಬ ಊರಲ್ಲೇ ಇಳಿದು, ಆ ಜಗಳ ಮುಗಿಯುವವರೆಗೆ ನಿಂತು, ಮುಂದಿನ ಬಸ್ಸಿಗೆ ಊರು ಮುಟ್ಟಿದ್ದುಂಟು. “ಯಮ ಬಂದ್ರೂ, ಮುಂದೇನ್ರಿ ಅಂತ ಕೇಳಾಕೀನ ಇಕಿ,” ಎಂದು ಗಂಡ ದುಂಡಪ್ಪ ಬಂದವರಿಗೆಲ್ಲ ದೂರುತ್ತಾನೆ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಆ ಮನುಷ್ಯನಿಗೆ ಈ ದೂರೊಂದೇ ಮನರಂಜನೆ ಅಂತ ಕಾಣುತ್ತದೆ.

ನಾನು ಸೃಷ್ಟಿ. ಬೆಳಗಾವಿಯ ಹಿಂದವಾಡಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ದನಿ ಮುದ್ರಿಸುತ್ತೇನೆ. ಅಲ್ಲಿ ಅನಿಕೇತ ಮಕ್ಕಳಿಗಾಗಿ ಕಥೆ ಕಟ್ಟಿ, ಚಿತ್ರ ಬರೆದು, ಅವನ್ನು ಕುಣಿಸಿ ಸಿನಿಮಾ ಮಾಡುತ್ತಾನೆ. ಅವನದು ಮರಾಠಿ ಮನೆ. ಕನ್ನಡವನ್ನೂ ಸಲೀಸಾಗಿ ಮಾತಾಡುತ್ತಾನೆ, ಸಲೀಸಾಗಿ ತಪ್ಪುತ್ತಾನೆ ಕೂಡ. ಅವನ ಮೊದಲ ಸಿನಿಮಾದಲ್ಲಿ ಗುಂಡ್ಯಾ ಎಂಬ ಮುಂಗುಸಿ, ನಾಗ್ಯಾ ಎಂಬ ಕೇರೆಹಾವು. ಹುಟ್ಟು ವೈರಿಗಳಾಗಬೇಕಾದ ಇವರಿಬ್ಬರೂ ಜೀವದ ಗೆಳೆಯರು, ಮೇಲಾಗಿ ಗೂಢಚಾರರು. ಕಾಡಿನ ಹೊಳೆಯ ನೀರು ಕದಿಯುವವರನ್ನು ಪತ್ತೆ ಹಚ್ಚುವುದು ಅವರ ಕೆಲಸ. ಅವರಿಗೆ ಹುಕುಂ ಕೊಡುವವಳ ಮುಖ ಕಾಣುವುದಿಲ್ಲ, ಫೋನಿನಲ್ಲಿ ದನಿ ಮಾತ್ರ ಕೇಳುತ್ತದೆ. ಅನಿಕೇತ ಆಕೆಗೆ ಇಟ್ಟ ಹೆಸರು ತಾಯಿ.

ಆ ದನಿಯನ್ನು ಅವನು ಹುಡುಕಿಕೊಂಡು ಹೋಗಲಿಲ್ಲ, ಅದೇ ಅವನನ್ನು ಹುಡುಕಿತು. ಗೆಳೆಯನ ಮದುವೆಯಲ್ಲಿ ಉಣ್ಣುತ್ತ ಕೂತಿದ್ದಾಗ ಮೈಕಿನಲ್ಲಿ, “ಕೆಂಪು ಕಾರಿನ ಸಾಹೇಬ್ರ, ಗಾಡಿ ತಗೀತೀರೋ, ನಾವ ಹೊತ್ಕೊಂಡು ಹೋಗೂಣೋ?” ಎಂದು ಕೇಳಿಸಿತಂತೆ. ಎಂಜಲು ಕೈಯಲ್ಲೇ ಓಡಿ ಗಾಡಿ ತೆಗೆದವನು, ನೆಟ್ಟಗೆ ಬಂದು ಮೈಕಿನ ಮುಂದೆ ನಿಂತ.

ಅವನು ಕರೆದದ್ದಕ್ಕೆ ಗೌರವ್ವ ಸ್ಟುಡಿಯೊಗೆ ಬಂದಳು, ತನ್ನ ಪಾಲಿನ ಮಾತಷ್ಟನ್ನೇ ಆಡಿದಳು. ಕೊನೆಯ ಮಾತು, “ಗುಂಡ್ಯಾ, ಹೊಳಿ ದಾಟಬ್ಯಾಡ, ನಾ ಹೇಳೂತನಕ…” ಅಲ್ಲಿಗೆ ಫೋನು ಕಡಿದು ಸಿನಿಮಾ ಮುಗಿಯುತ್ತದೆ.

“ಮುಂದೇನಾತು?” ಗೌರವ್ವ ಕೇಳಿದಳು.

“ಎರಡನೇ ಭಾಗದಾಗ ಗೊತ್ತಾಗತೈತ್ರಿ,” ಅಂದೆ.

ಇನ್ನಾರಿಗಾದರೂ ಹೇಳಬಹುದಿತ್ತು, ಗೌರವ್ವನಿಗೆ ಹೇಳಬಾರದಿತ್ತು. ಅಂದಿನಿಂದ ನನ್ನ ಫೋನಿಗೆ ನೆಮ್ಮದಿ ಇಲ್ಲ. “ಹೊಳಿ ಬಂದು ಒಯ್ದಿರಬೇಕು ನೋಡು.” “ಅಲ್ಲಲ್ಲ, ನಾಗ್ಯಾನ ತಾರ ಕತ್ತರಿಸ್ಯಾನು, ಎಷ್ಟಂದ್ರೂ ಹಾವ ಅದು.” ಸಿನಿಮಾ ಶಾಲೆಗಳಲ್ಲಿ ತೋರಿಸಿದ ಮೇಲೆ ಆಕೆಯ ಓಣಿಯ ಹುಡುಗರು ಬಾಗಿಲಿಗೇ ಬಂದು, “ತಾಯಿ ಸತ್ಲೇನ್ರಿ?” ಎಂದು ಕೇಳತೊಡಗಿದರು. ತಾನೇ ಸತ್ತಿದ್ದೇನೋ ಬದುಕಿದ್ದೇನೋ ತನಗೇ ಗೊತ್ತಿಲ್ಲದಂತಾಯಿತು ಆಕೆಗೆ.

ಕೊನೆಗೂ ಈ ವರ್ಷ ಎರಡನೇ ಭಾಗದ ಸರದಿ ಬಂತು. ಗೆಣಸಿನ ಹೋಳಿಗೆಯ ಡಬ್ಬಿ ಹಿಡಿದು ಗೌರವ್ವ ಹಿಂದವಾಡಿಗೆ ಬಂದಳು. ಚಿತ್ರ ಪೂರ್ತಿ ಸಿದ್ಧವಾಗಿತ್ತು, ದನಿ ಹಾಕುವುದಷ್ಟೇ ಬಾಕಿ. ಅನಿಕೇತ ಪರದೆ ಬೆಳಗಿಸಿದ. ಗುಂಡ್ಯಾ, ನಾಗ್ಯಾ ಗವಿಯ ಮುಂದೆ ಕಾಯುತ್ತಿದ್ದಾರೆ. ಒಂದು ಸ್ಕೂಟರ್ ಬಂದು ನಿಲ್ಲುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡ ಒಂದು ಎಳೇ ಮುಂಗುಸಿ ಇಳಿಯುತ್ತದೆ.

“ತಾಯಿ ಎಲ್ಲಿ?” ಗೌರವ್ವ ಪರದೆಯನ್ನೆಲ್ಲ ಹುಡುಕಿದಳು.

“ಈಕೀನ ತಾಯಿ, ಮಾವಶಿ,” ಅಂದ ಅನಿಕೇತ. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಗೌರವ್ವನನ್ನು ಅವನು ಕರೆಯುವುದು ಹಾಗೇ.

“ಈಕಿ? ಇಷ್ಟ ಎಳೇದು? ಗುಂಡ್ಯಾನ್ನ ಯಾವಾಗ ಹಡದ್ಲು?”

“ಹಡಿಯೋದು ಯಾಕ? ತಾಯಿ ಅಂದ್ರ ದೊಡ್ಡ ಬಹೀಣ ಅಲ್ಲೇನ್ರಿ? ಗುಂಡ್ಯಾನ ಅಕ್ಕ!”

ಅನಿಕೇತನ ಮನೆಯಲ್ಲಿ ಹಡೆದವಳು ಆಯಿ, ಅಕ್ಕ ತಾಯಿ. ನಮ್ಮ ಮನೆಗಳಲ್ಲಿ ಹಡೆದವಳು ತಾಯಿ, ಆಯಿ ಅಂದರೆ ಅಜ್ಜಿ. ಒಂದೇ ಶಬ್ದ ಹಿಡಿದು ಒಂದು ಸಿನಿಮಾನೇ ಮಾಡಿ ಮುಗಿಸಿದ್ದೆವು, ಅವನು ಅವನ ಅಕ್ಕನನ್ನು ನೆನೆದು, ನಾವು ನಮ್ಮ ಅವ್ವನನ್ನು ನೆನೆದು. ಗೌರವ್ವ ಮಾತುಮಾತಿಗೆ ಗುಂಡ್ಯಾನನ್ನು “ಮಗನ” ಅಂದದ್ದೂ ಅವನಿಗೆ ಸುಳಿವು ಕೊಡಲಿಲ್ಲ. ಬೆಳಗಾವಿಯಲ್ಲಿ ಯಾರು ಯಾರನ್ನು ಹಾಗೆ ಅನ್ನುವುದಿಲ್ಲ ಹೇಳಿ!

ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಗೌರವ್ವ ಗಾಜಿನ ಖೋಲಿಯೊಳಗೆ ಕೂತು ಮಾತಾಡಿದಳು. ಪರದೆಯ ಮೇಲಿನ ಆ ಎಳೇ ಮುಂಗುಸಿಯ ಬಾಯಿಂದ ಆ ದಪ್ಪ, ಪಳಗಿದ ದನಿ ಬಂದಾಗ ಅನಿಕೇತನ ನಗು ನಿಂತಿತು. ಅವನು ನನ್ನ ಕಡೆ ಬಗ್ಗಿ, “ಹೊಂದೂದಿಲ್ಲ ಸೃಷ್ಟಿ. ಚಿತ್ರಾ ಮತ್ತ ಬರ್ಯಾಕ ಆಗೂದಿಲ್ಲ. ರಾಮತೀರ್ಥ ನಗರದಾಗ ಒಬ್ಬಾಕಿ ಕಾಲೇಜ್ ಹುಡುಗಿ ಅದಾಳ. ಆಕಿ ಕಡಿಂದ ಮಾಡಸೂಣು,” ಅಂದ.

ಒಳಗಿನ ಸ್ಪೀಕರ್ ಚಾಲೂ ಇದ್ದದ್ದು ನಮ್ಮಿಬ್ಬರ ಗಮನಕ್ಕೂ ಬಂದಿರಲಿಲ್ಲ. ಗೌರವ್ವ ಅಷ್ಟನ್ನೂ ಕೇಳಿಸಿಕೊಂಡಳು.

“ಕಾರ್ಯಾಲಯದಾಗ ನನಗ ಎಲ್ಲಾರೂ ಮಾವಶಿ ಅಂತಾರ,” ಒಳಗಿನಿಂದಲೇ ಮೈಕಿನಲ್ಲಿ ಹೇಳಿದಳು. “ಮನ್ಯಾಗ ನಮ್ಮ ಮನಿಯವ್ರು ‘ಏ, ಕೇಳಿಲ್ಲಿ’ ಅಂತಾರ. ಮಕ್ಕಳಾಗಲಿಲ್ಲ, ತಾಯಿ ಅನ್ನಾಕ ಯಾರದಾರ? ಈ ಪಿಕ್ಚರ್ ಆದಮ್ಯಾಲೆ ಓಣಿ ಹುಡುಗ್ರು ಅನ್ನಾಕ ಹತ್ತಿದ್ದು. ಈಗ ನಾ ಹೋಗಿ ಏನ್ ಹೇಳ್ಲಿ? ತಾಯಿ ನಾ ಅಲ್ಲೋ, ಬ್ಯಾರೇದಾಕಿ ಅಂತ ಹೇಳ್ಲ್ಯಾ?”

ನನಗೆ ಅನಿಕೇತನ ಮೇಲೆ ಸಿಟ್ಟು ಬಂತು. ಅವನ ತಪ್ಪೇನೂ ಇರಲಿಲ್ಲ, ಆದರೂ ಬಂತು. ಅವನು ನೆಲ ನೋಡುತ್ತ ಕೂತ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಎದ್ದು ಬಸ್ ನಿಲ್ದಾಣದ ದಾರಿ ಹಿಡಿಯುತ್ತಿದ್ದರು. ಗೌರವ್ವನಿಗೆ ಅದಾಗಲಿಲ್ಲ, ಚಟ ಬಿಡಬೇಕಲ್ಲ.

“ಅದಿರ್ಲಿ,” ಅಂದಳು. “ಈಕಿ ಅಕ್ಕ ಅಂದ್ರ, ಈಕಿನ್ನೂ ಗುಂಡ್ಯಾನ್ನೂ ಹಡದಾಕಿ ಎಲ್ಲಿ ಹೋದ್ಲು?”

“ಅದು… ನಾ ವಿಚಾರ ಮಾಡಿಲ್ರಿ.”

“ಭಾಳ ಛಲೋ ಆತು. ಊರ ಮಂದೀದ ನೀರು ಹುಡುಕತಾವ, ಮನ್ಯಾಗಿನ ತಾಯಿ ಕಳಕೊಂಡಾವ!”

ಅನಿಕೇತ ತಲೆಯೆತ್ತಿದ. ಹಾಗೇ ಎದ್ದುಹೋಗಿ ಹೋಳಿಗೆಯ ಡಬ್ಬಿ ತೆರೆದ. ಅವನಿಗೆ ಕಥೆ ಹೊಳೆದಾಗ ಮೊದಲು ಹಸಿವಾಗುತ್ತದೆ. ತಿನ್ನುತ್ತಲೇ ಕೇಳಿದ, ಫೋನಿನಲ್ಲಿ ಮಾತಾಡಿದವಳು ನಿಜವಾಗಿಯೂ ಇವರ ತಾಯಿಯೇ ಆದರೆ? ಫೋನು ಕಡಿದದ್ದರಿಂದಲೇ ಅಕ್ಕ ಗಾಬರಿಯಾಗಿ ಸ್ಕೂಟರ್ ಹತ್ತಿ ಬಂದಿದ್ದರೆ? ಎರಡನೇ ಭಾಗದಲ್ಲಿ ಹುಡುಕಬೇಕಾದದ್ದು ನೀರುಗಳ್ಳರನ್ನಲ್ಲ, ತಾಯಿಯನ್ನೇ ಆದರೆ? ನಾಗ್ಯಾ ಬಿಲಬಿಲ ಹೊಕ್ಕು ಗೆಳೆಯನ ತಾಯಿಯನ್ನು ಹುಡುಕಲಿ ಎಂದು ನಾನಂದೆ. “ಹಾವಿನ ಮ್ಯಾಲೆ ಸಂಶೇ ಪಟ್ಟಿದ್ದೆ, ತಪ್ಪಾತು ನೋಡು,” ಅಂದಳು ಗೌರವ್ವ. ಎಳೇ ಮುಂಗುಸಿ ಇನ್ನು ಮುಂದೆ ಅಕ್ಕ, ದನಿ ಕಾಲೇಜು ಹುಡುಗಿಯದು. ಫೋನಿನೊಳಗಿನ ತಾಯಿ ಗೌರವ್ವನೇ. ಆಕೆಯ ಮುಖ ಕಾಣುವುದಿಲ್ಲ, ಹುಡುಕಾಟದ ಚಿತ್ರಗಳು ಮೊದಲೇ ಇದ್ದವು, ಮಾತಷ್ಟೇ ಬದಲಾದವು, ಹಾಗಾಗಿ ಚಿತ್ರ ಬರೆಯುವ ಕೆಲಸವೂ ಹೆಚ್ಚಾಗಲಿಲ್ಲ.

ಮೊದಲ ಭಾಗದಲ್ಲಿ ಆಕೆ ಒಬ್ಬಳೇ ಕೂತು, ಎದುರಿನವರ ಮಾತು ಕೇಳದೆಯೇ ತನ್ನದನ್ನು ಹೇಳಿ ಹೋಗಿದ್ದಳು. ಈ ಸಲ ಕಥೆ ಅಲ್ಲೇ ಹುಟ್ಟಿದ್ದರಿಂದ, ಗುಂಡ್ಯಾನ ದನಿ ಕೊಡುವ ಅನಿಕೇತನೂ ಆಕೆಯ ಎದುರಿಗೆ ಕೂತ. ಗುಂಡ್ಯಾನ ಫೋನು ಕೊನೆಗೂ ಹತ್ತುವ ದೃಶ್ಯ. ಅವನು ಕರೆಯಬೇಕು, ಆಕೆ “ಇಲ್ಲೇ ಅದೇನಿ ಮಗನ” ಎನ್ನಬೇಕು. ಶುರು ಮಾಡಿರಿ ಎಂದು ನಾನು ಕೈ ಸನ್ನೆ ಮಾಡಿದೆ.

“ತಾಯೀ! ನೀ ಎಲ್ಲಿದ್ದೀ?”

ಗೌರವ್ವ ಮಾತಾಡಲಿಲ್ಲ. ಮಾತು ಮರೆತಳೇನೋ ಎಂದುಕೊಂಡು, “ಗೌರವ್ವಾರ, ಈಗ ನಿಮ್ಮ ಮಾತು,” ಅಂದೆ.

“ಗೊತ್ತೈತಿ,” ಅಂದಳು. “ಅಂವಗ ಇನ್ನೊಮ್ಮೆ ಕರ್ಯಾಕ ಹೇಳು.”

ಅನಿಕೇತ ಕರೆದ. ಆಕೆ ಕಣ್ಣು ಮುಚ್ಚಿಕೊಂಡು, ಮತ್ತೊಮ್ಮೆ ಎಂದು ಬೆರಳೆತ್ತಿದಳು. ಅವನು ಮತ್ತೆ ಕರೆದ.