ರೊಟ್ಟಿ ಮುಟ್ಟಿ ಹೇಳಿದ ಮಾತು

ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸಿನಲ್ಲಿ ಐಶೆಮ್ ಸುಡುವ ರೊಟ್ಟಿಗೆ ಸುತ್ತಲಿನ ಉಯ್ಘರರೆಲ್ಲ ಸಾಲು ನಿಲ್ಲುತ್ತಾರೆ. ಅವಳ ಬಾಯಿಗೆ ಹೆದರದವರಿಲ್ಲ. ರೊಟ್ಟಿಯನ್ನು ಬೋರಲು ಇಟ್ಟು ಅವಮಾನಿಸಿದವನು ಎಂಥ ದೊಡ್ಡ ಡಾಕ್ಟರೇ ಆಗಿರಲಿ, ಅಲ್ಲೇ ಬೆಂಡೆತ್ತುತ್ತಾಳೆ.

ಅಂಥವಳು ಒಂದು ವಿಷಯದ ಬಗ್ಗೆ ಮಾತ್ರ ಮೂರು ವರ್ಷ ತುಟಿ ಬಿಚ್ಚಿರಲಿಲ್ಲ.

ಅವಳ ಅಕ್ಕ ಜೋಹ್ರೆ ತವರೂರಿನಲ್ಲಿ ಬೂವಿ. ಹೆಂಗಸರು ತೀರಿಕೊಂಡರೆ ಮೈ ತೊಳೆದು, ಕುರಾನ್ ಓದಿ ಕಳಿಸಿಕೊಡುವವಳು. ಒಮ್ಮೆ ಸರ್ಕಾರಿ ಅಧಿಕಾರಿಯೊಬ್ಬ "ನಾನು ನಿಮ್ಮ ನೆಂಟ" ಎಂದು ಬಂದು ವಾರವಿಡೀ ಅಕ್ಕತಂಗಿಯರಿದ್ದ ಮನೆಯಲ್ಲಿ ಠಿಕಾಣಿ ಹೂಡಿದ. ನೆಂಟನೆಂದ ಮೇಲೆ ಅಕ್ಕ ಮೊದಲ ರೊಟ್ಟಿಯನ್ನು ಮುರಿದು ಅವನಿಗೇ ಕೊಟ್ಟಳು. ಅವನು ಅಗಿಯುತ್ತಲೇ ಕೇಳಿದ, "ಏನಕ್ಕಾ, ಸರ್ಕಾರ ಬೇಡ ಅಂದ್ಮೇಲೂ ಸಾವಿನ ಮನೇಲಿ ಕುರಾನ್ ಓದ್ತೀರಂತೆ?"

ಅಕ್ಕನ ಕೈಯಲ್ಲಿ ರೊಟ್ಟಿಯಿತ್ತು. ರೊಟ್ಟಿ ಹಿಡಿದು ಸುಳ್ಳು ಹೇಳುವ ಜನವಲ್ಲ ಇವರು.

"ಹೂಂ, ಓದ್ತೀನಿ," ಎಂದಳು.

ಅಕ್ಕನನ್ನು ಹಿಡಿದೊಯ್ಯಲು ಮರುದಿನ ಬಂದ ಪೊಲೀಸ್ ಜೀಪಿಗೆ ಮನೆ ತೋರಿಸಿದವನು ಅವನೇ. ಉಂಡ ಮನೆಗೆ ದ್ರೋಹ ಬಗೆದ ಆ ಪಾಪಿಗೆ ಅಕ್ಕನಿದ್ದ ಸೆರೆಮನೆಯ ಯಜಮಾನಿಕೆಯೂ ಸಿಕ್ಕಿತು. ಐಶೆಮ್ ಹೇಗೋ ಊರು ಬಿಟ್ಟು ಇಲ್ಲಿಗೆ ಬಂದಳು. ವರ್ಷಕ್ಕೊಮ್ಮೆ ಸೆರೆಮನೆಯವರು ಫೋನಿನ ಪರದೆಯಲ್ಲಿ ಅಕ್ಕನನ್ನು ಕೂರಿಸಿ ತೋರಿಸುತ್ತಿದ್ದರು. ಎದುರಿಗೆ ಹಣ್ಣು, ರೊಟ್ಟಿ ಎಲ್ಲ ಜೋಡಿಸಿರುತ್ತಿತ್ತು. ಅಕ್ಕ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಚೆನ್ನಾಗಿದ್ದೀನಿ," ಎನ್ನುತ್ತಿದ್ದಳು. ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಆ ಮಾತು ಸುಳ್ಳೆಂದು ತಿಳಿಯಲು ಐಶೆಮ್‌ಗೆ ಅಷ್ಟು ಸಾಕಿತ್ತು.

ವಕೀಲೆ ದಿಲ್ನಾಜ್ ಅಂಗಡಿಗೆ ಬಂದು ಗಂಟುಬಿದ್ದಳು. "ಚಿಕ್ಕಮ್ಮಾ, ಕಣ್ಣಾರೆ ಕಂಡವರು ನೀವೊಬ್ರೇ, ಸಾಕ್ಷಿ ಹೇಳಿ. ಅಮೆರಿಕ ಆ ನೆಂಟನ ಮೇಲೆ ನಿರ್ಬಂಧ ಹಾಕಿದ್ರೆ ಇಲ್ಲಿಗೆ ಕಾಲಿಡೋ ಹಾಗಿಲ್ಲ, ಇಲ್ಲಿಟ್ಟ ದುಡ್ಡು ಮುಟ್ಟೋ ಹಾಗಿಲ್ಲ."

"ಆ ಸಿಟ್ಟನ್ನ ಅಕ್ಕನ ಮೇಲೆ ತೀರಿಸಿಕೊಂಡ್ರೆ? ನೀನು ಹೋಗಿ ಬಿಡಿಸ್ಕೊಂಡ್ ಬರ್ತೀಯೇನೇ?"

"ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡ್ರಲ್ಲ, ಅಕ್ಕನ್ನ ಬಿಟ್ರಾ?"

ಆ ಮಾತು ನಾಟಿತು. ಮುಂದಿನ ವಾರ ವಿದೇಶಾಂಗ ಇಲಾಖೆಯ ಕಚೇರಿಯಲ್ಲಿ ಐಶೆಮ್ ಕೈಚೀಲದಿಂದ ರೊಟ್ಟಿ ತೆಗೆದು ಫೈಲುಗಳ ನಡುವೆ ಇಟ್ಟಳು.

"ಇದೇನು, ನಮಗೆ ತಿಂಡಿಯಾ?" ಎಂದು ಅಧಿಕಾರಿ ನಕ್ಕ.

"ಮುಟ್ಟಬೇಡಪ್ಪಾ. ಇದು ನನ್ನ ಪ್ರಮಾಣ," ಎಂದಳು. ರೊಟ್ಟಿಯ ಮೇಲೆ ಕೈಯಿಟ್ಟು ಎಲ್ಲವನ್ನೂ ಹೇಳಿದಳು. ಆ ನೆಂಟನ ಹೆಸರು, ಕೂತ ಜಾಗ, ಕೇಳಿದ ಪ್ರಶ್ನೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅಧಿಕಾರಿ ನಗುತ್ತಿರಲಿಲ್ಲ.

ಇಂಥ ನಿರ್ಬಂಧದ ಪಟ್ಟಿಗಳಿಂದ ಏನು ಉಪಯೋಗ ಎಂದು ಮೂಗು ಮುರಿಯುವ ಪಂಡಿತರು ಅಂಗಡಿಯ ಚಹಾ ಮೇಜಿನಲ್ಲೂ ಬೇಕಾದಷ್ಟಿದ್ದಾರೆ. ಅವರು ಮುರಿಯುತ್ತಿರಲಿ. ವಸಂತದಲ್ಲಿ ಆ ಹೆಸರು ಪಟ್ಟಿಗೆ ಬಿತ್ತು, ಪತ್ರಿಕೆಗಳಲ್ಲಿ ಬಂತು. ಬೇಸಿಗೆ ಮುಗಿಯುವುದರೊಳಗೆ ಅವನ ಮೇಲಿನವರೇ ಅವನನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿದರು.

ಆಮೇಲೆ ಒಂದು ಮಧ್ಯಾಹ್ನ ಅಂಗಡಿ ತುಂಬಿರುವಾಗ ಫೋನು ಬಂತು. ಪರದೆಯಲ್ಲಿ ಅಕ್ಕ. ಕೆನ್ನೆ ಬತ್ತಿತ್ತು, ಕೂದಲು ನೆರೆತಿತ್ತು. ಹಿಂದೆ ಅವರಿಬ್ಬರೂ ಆಡಿ ಬೆಳೆದ ಅಡುಗೆಮನೆಯ ಮಸಿ ಹಿಡಿದ ಗೋಡೆ.

"ಚೆನ್ನಾಗಿದ್ದೀನಿ," ಎಂದಳು ಜೋಹ್ರೆ.

ಐಶೆಮ್ ಮುಖ ನೋಡಲಿಲ್ಲ, ಕೈ ನೋಡಿದಳು. ಆ ಕೈ ಮುಂದೆ ಬಂತು, ಎದುರಿಗಿದ್ದ ರೊಟ್ಟಿಯನ್ನು ಎತ್ತಿ ಎರಡಾಗಿ ಮುರಿಯಿತು, ಹಾಗೇ ಹಿಡಿದುಕೊಂಡಿತು.

"ಮನೇಲಿದ್ದೀನಿ ಕಣೇ, ಐಶೆಮ್."